ಕ್ಯಾಮರಾ ರಿಪೇರಿಯ ಮಾವ

ಮಾವನ ತಲೆಗೂದಲಲ್ಲಿ ಯಾವಾಗ ನೋಡಿದರೂ ಜೇಡರಬಲೆಯ ಎಳೆಗಳು ಅಂಟಿಕೊಂಡಿರುತ್ತಿದ್ದವು. ಕಾವಲು ಕ್ಯಾಮರಾದ ಬೆಳಕಿಗೆ ಹುಳ ಬರುತ್ತದೆ, ಹುಳ ಹಿಡಿಯಲು ಜೇಡ ಬರುತ್ತದೆ, ಬಂದದ್ದು ಸರಿಯಾಗಿ ಗಾಜಿನ ಎದುರೇ ಬಲೆ ಕಟ್ಟುತ್ತದೆ. ಆಮೇಲೆ ಚಿತ್ರದಲ್ಲಿ ಮಂಜು ಬಿಟ್ಟು ಬೇರೇನೂ ಇರುವುದಿಲ್ಲ. ಅದನ್ನು ಒರೆಸಲು ಹೋದ ಮಾವ ಅರ್ಧ ಬಲೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಮನೆಗೆ ಬರುತ್ತಿದ್ದರು. ಅತ್ತೆ ಬಾಗಿಲಲ್ಲೇ ತಡೆದು, ಸೆರಗಿನಿಂದ ತಲೆ ಒರೆಸಿ ಒಳಗೆ ಬಿಡುತ್ತಿದ್ದರು.

"ಇವತ್ತ್ ಯಾವ್ ಜೇಡನ್ ಮನಿ ಹಾಳ್ ಮಾಡಿ ಬಂದ್ರಿ?"

"ಅದ್ ನಾಳೆ ಮತ್ತೆ ಕಟ್ಟತ್ತ್ ಮಾರಾಯ್ತಿ. ನಂಗೆ ಮತ್ತೆ ಕೆಲ್ಸ ಸಿಕ್ಕತ್ತ್."

ಅವರು ನನ್ನ ಅಮ್ಮನ ಅಣ್ಣ. ಮುಂಬೈಯಲ್ಲಿ ಬಹಳ ವರ್ಷ ಕೇಬಲ್ ಟೀವಿಯ ತಂತಿ ಎಳೆದು, ಊರಿಗೆ ಬಂದು ಕುಂದಾಪುರದಲ್ಲಿ ಒಂದು ಚಿಕ್ಕ ಅಂಗಡಿ ಹಾಕಿದ್ದರು. ಅಂಗಡಿ, ಗೋದಾಮು, ಮನೆಗಳಿಗೆಲ್ಲ ಇಂಟರ್ನೆಟ್ ಕ್ಯಾಮರಾ ಬರತೊಡಗಿದ ಕಾಲ ಅದು. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಅವರೇ ಕರೆದರು. ಕಂಪ್ಯೂಟರಿನ ಎದುರಿನ ಕೆಲಸವೆಲ್ಲ ನನ್ನದು, ಹೊರಗಿನದು ಅವರದು.

ಚಿತ್ರ ಬರುತ್ತಿಲ್ಲ ಎಂದು ಯಾರು ಕರೆದರೂ ಮಾವ ಮೊದಲು ಯಂತ್ರ ಮುಟ್ಟುತ್ತಿರಲಿಲ್ಲ. ಕ್ಯಾಮರಾದ ಅಡಿಗೆ ಹೋಗಿ, ಅದು ಯಾವ ಕಡೆ ಮುಖ ಮಾಡಿದೆಯೋ ಅದೇ ಕಡೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತಿದ್ದರು. ಕೋಡಿಯ ಐಸ್ ಫ್ಯಾಕ್ಟರಿಯಲ್ಲಿ ಪ್ರತಿದಿನ ಸಂಜೆಯ ಹೊತ್ತಿಗೆ ಚಿತ್ರವೆಲ್ಲ ಬಿಳಿ ಬಟ್ಟೆಯಂತಾಗುತ್ತಿತ್ತು. ನಾನು ಕೇಬಲ್ ಬದಲಿಸಿದೆ, ಸೆಟ್ಟಿಂಗ್ ಬದಲಿಸಿದೆ. ಮಾವ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಎದುರಿನ ಹೊಳೆ ನೀರಿನಿಂದ ಬಿಸಿಲು ಅವರ ಮುಖಕ್ಕೇ ಹೊಡೆಯಿತು.

"ನಂಗೇ ಕಣ್ ಬಿಡುಕ್ ಆತಿಲ್ಲ. ಅದ್ ಎಂತ ಕಾಣತ್ತ್, ಪಾಪ!" ಎಂದು ಕ್ಯಾಮರಾವನ್ನು ಸ್ವಲ್ಪ ಓರೆ ಮಾಡಿದರು. ಅಷ್ಟಕ್ಕೇ ಸರಿಹೋಯಿತು. ಕ್ಯಾಮರಾಕ್ಕೂ ಅವರು ಹಾಗೆ 'ಪಾಪ' ಎನ್ನುತ್ತಿದ್ದರು, ಜ್ವರ ಬಂದ ಮಗುವಿಗೆ ಅನ್ನುವ ಹಾಗೆ.

ಕೋಟದ ಹೆದ್ದಾರಿ ಬದಿಯಲ್ಲಿ ಒಂದು ಪಾತ್ರೆ ಅಂಗಡಿ ಇತ್ತು. ಅದರ ಯಜಮಾನರು ಎದೆನೋವಿನಿಂದ ಇದ್ದಕ್ಕಿದ್ದಂತೆ ತೀರಿಕೊಂಡರು. ಕೆಲವು ವಾರಗಳ ಮೇಲೆ ಅವರ ಹೆಂಡತಿಯೇ ಅಂಗಡಿಯ ಬಾಗಿಲು ತೆಗೆದು ವ್ಯಾಪಾರಕ್ಕೆ ಕುಳಿತರು. ಒಬ್ಬರೇ ಇರುವಾಗ ಕ್ಯಾಮರಾ ಸರಿ ಇರಲಿ ಎಂದು ನಮ್ಮನ್ನು ಕರೆಸಿದರು.

"ಟೀವಿಯಂಗೆ ಈಗಿನದ್ ಕಾಣತ್ತ್, ಆದ್ರೆ ನಿನ್ನೆದ್ ಮೊನ್ನೆದ್ ಎಂತದೂ ಸಿಕ್ಕತಿಲ್ಲ," ಎಂದರು.

ನೋಡಿದೆ. ತುಂಬಾ ಸಣ್ಣ ತೊಂದರೆ. ರೆಕಾರ್ಡರಿನ ಹಾರ್ಡ್ ಡಿಸ್ಕ್ ತುಂಬಿಹೋಗಿತ್ತು. ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆದುಕೊಳ್ಳುವಂತೆ ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಅದು ಒಂದು ದಿನ ಚಿತ್ರ ಹಿಡಿಯುವುದನ್ನೇ ನಿಲ್ಲಿಸಿತ್ತು. ಎಲ್ಲ ಅಳಿಸಿದರೆ ಆಯಿತು. "ಐದ್ ನಿಮಿಷದ್ ಕೆಲ್ಸ ಮಾವ," ಎಂದು ಮೌಸ್ ಹಿಡಿದೆ.

ಮಾವ ನನ್ನ ಭುಜ ಮುಟ್ಟಿದರು. "ತಡಿ ಹೆಣ್ಣೆ. ಅದ್ ಕಡೆಗೆ ಹಿಡ್ದದ್ ಎಂತ, ಕಾಂಬ."

ಕೊನೆಯ ದಿನಗಳ ಚಿತ್ರ ತೆರೆದೆ. ಪರದೆಯ ಮೇಲೆ ಬಿಳಿ ಬನಿಯನ್ನಿನ, ದಪ್ಪಗಿನ ಒಬ್ಬರು ಸ್ಟೂಲಿನ ಮೇಲೆ ಕುಳಿತು ಕೊಡಪಾನ ಒರೆಸುತ್ತಿದ್ದರು. ನಾನು ಅವರನ್ನು ಕಂಡವಳಲ್ಲ. ಆದರೆ ಯಾರೆಂದು ಗೊತ್ತಾಯಿತು. ಆ ಡಿಸ್ಕ್ ಅವರು ಹೋಗುವ ಸ್ವಲ್ಪ ಮೊದಲೇ ತುಂಬಿತ್ತು. ಹಾಗೆ ತುಂಬಿ ನಿಂತದ್ದರಿಂದಲೇ ಅವರು ಅದರೊಳಗೆ ಉಳಿದಿದ್ದರು.

ಮಾವ ಪರದೆಯನ್ನು ಗೋಡೆಯ ಕಡೆ ತಿರುಗಿಸಿದರು. ಗಲ್ಲೆಯಲ್ಲಿ ಕುಳಿತಿದ್ದ ಅವರ ಹೆಂಡತಿಯ ಬಳಿ ಹೋಗಿ, ಬಹಳ ಮೆತ್ತಗೆ ಹೇಳಿದರು: "ಅಕ್ಕಾ, ಇದ್ರೊಳ್ಗ್ ನಿಮ್ ಯಜಮಾನ್ರ್ ಇದ್ರ್. ಈಗ ಕಾಣ್ಕಾ, ಇನ್ನೊಂದ್ ದಿನ ಕಾಂತ್ರ್ಯಾ? ಅಂತೂ ನಾವ್ ಅಳ್ಸುದಿಲ್ಲ."

ಆ ಹೆಂಗಸು ಕೈಯಲ್ಲಿದ್ದ ಚಿಲ್ಲರೆಯನ್ನು ಗಲ್ಲೆಗೆ ಹಾಕಿ ಮುಚ್ಚಿದರು. ಆಮೇಲೆ ಕೇಳಿದರು: "ಅವ್ರ್ ಉಂಡದ್ ಇತ್ತಾ?"

ನಮಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಗಂಡನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣುವವರಲ್ಲ. ಅದಕ್ಕೆ ಮಧ್ಯಾಹ್ನ ಊಟವಾದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಟ್ಟು, ಕ್ಯಾಮರಾದ ಎದುರು ಬಂದು ಬುತ್ತಿಯ ಖಾಲಿ ಡಬ್ಬಿಗಳನ್ನು ಎತ್ತಿ ತೋರಿಸಬೇಕೆಂದು ಗಂಡಹೆಂಡಿರ ನಡುವೆ ಕರಾರು. ಇವರು ಮನೆಯಲ್ಲಿ ಮೊಬೈಲ್ ತೆರೆದು ನೋಡುತ್ತಿದ್ದರು. ಅದು ಎಲ್ಲಿಯಾದರೂ ಉಳಿದಿರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ.

ಅವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಮಧ್ಯಾಹ್ನದ ಚಿತ್ರ ಹಾಕಿದೆ. ಯಜಮಾನರು ಬುತ್ತಿ ಬಿಚ್ಚಿದರು. ಅನ್ನ ಸಾರು ಉಂಡರು. ಕೆಳಗಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ಎದ್ದು ಬಾಗಿಲಿಗೆ ಹೋಗಿ, ಅಲ್ಲಿ ಕಾದು ನಿಂತಿದ್ದ ದನದ ಎದುರು ಅದನ್ನು ಪೂರ್ತಿ ಸುರಿದರು. ಮತ್ತೆ ಫೋನ್ ಒತ್ತಿ, ಬಾಯಿ ಒರೆಸಿ, ಕ್ಯಾಮರಾದ ಕೆಳಗೆ ನಿಂತು ಮೂರೂ ಡಬ್ಬಿಗಳನ್ನು ದೊಡ್ಡ ಗೆಲುವಿನಲ್ಲಿ ಎತ್ತಿ ತೋರಿಸಿದರು.

"ಅಯ್ಯೋ, ನನ್ ಹಾಗಲಕಾಯಿ ಪಲ್ಯ!" ಎಂದು ಆ ಹೆಂಗಸು ಕೂಗಿದರು. "ಎಂಥಾ ಸುಳ್ಳ್ ಮನ್ಷ! ದಿನಾ ನನ್ನ್ ಮರ್ಳ್ ಮಾಡಿರ್ ಕಾಣಿ!"

ಮತ್ತೊಂದು ದಿನದ್ದು ಹಾಕಿದೆವು. ಅಂದೂ ದನ ಬಂದಿತ್ತು. ಅವರು ನಗುತ್ತ ನಗುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಯಾವಾಗ ಅದು ಅಳುವಾಯಿತೋ ತಿಳಿಯಲಿಲ್ಲ. ಮಾವ ರಸ್ತೆಯ ಕಡೆ ಮುಖ ಮಾಡಿ ಮೂಗು ಒರೆಸಿಕೊಳ್ಳುತ್ತಿದ್ದರು. ಆ ಡಿಸ್ಕನ್ನು ಹಾಗೇ ತೆಗೆದು ಆ ಹೆಂಗಸಿನ ಕೈಗೆ ಕೊಟ್ಟು, ಬೇರೆಯದನ್ನು ಹಾಕಿ ಬಂದೆವು. ಕುಂದಾಪುರ ಬಂದ ಮೇಲೆ ಮಾವ, "ಅತ್ತೆ ಇವತ್ತ್ ಎಂತ ಮಾಡಿಳೋ, ಪೂರ ಉಣ್ಕ್," ಎಂದರು.

ನನ್ನನ್ನು ಮೇಜಿನಿಂದ ಎಬ್ಬಿಸಿ ಏಣಿ ಹತ್ತಿಸಿದ್ದು ಅದಾದ ಮೇಲೆ, ಬ್ರಹ್ಮಾವರದಲ್ಲಿ. ಕೆಳಗೆ ಕೂತು ಎಷ್ಟು ನೋಡಿದರೂ ಮೇಲಿನ ತಂತಿಯ ತುದಿ ಹಸಿರುಗಟ್ಟಿದ್ದು ಗೊತ್ತಾಗುವುದಿಲ್ಲ ಎಂಬುದು ಅವರ ವಾದ. ಅಮ್ಮನಿಗೆ ಸಿಟ್ಟು ಬಂತು. "ಬಿದ್ರೆ ಎಂತ ಗತಿ ಅಣ್ಣಾ? ನಾಳೆ ಗಂಡಿನವ್ರ್ ಕಾಂಬುಕ್ ಬಪ್ಪತ್ತಿಗೆ ಎಂತ ಹೇಳುದ್?"

"ಬಿದ್ರೆ ನಂಗೂ ನೋವಾತ್ತ್. ಹಾಂಗಂದ್ಹೇಳಿ ನಾ ಹತ್ತುದ್ ಬಿಟ್ಟಿದ್ನಾ? ಬಪ್ಪವ್ರನ್ನ್ ಏಣಿ ಮೇಲಿಂದ್ಲೇ ಮಾತಾಡ್ಸುಕ್ ಅವ್ಳಿಗ್ ಹೇಳ್."

ಆಮೇಲಾಮೇಲೆ ಅವರ ಕಾಲು ಊದತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಆದರೂ ಅಂಗಡಿಯಲ್ಲಿ ಕೂರಲಿಲ್ಲ. ಬೈಂದೂರಿನ ಒಂದು ಅಕ್ಕಿ ಗಿರಣಿಗೆ ನಾವಿಬ್ಬರೂ ಹೋದದ್ದೇ ಕೊನೆ. ಗಿರಣಿಯ ವಯಸ್ಸಾದ ಯಜಮಾನರು ನಾನು ಏಣಿ ಹತ್ತಲು ದುಪಟ್ಟಾ ಸೊಂಟಕ್ಕೆ ಬಿಗಿದುಕೊಳ್ಳುವುದನ್ನು ಕಂಡು ಗಾಬರಿಯಾದರು.

"ಹ್ವಾಯ್, ಗಂಡ್ಸ್ ನೀವ್ ಇದ್ಕಂಡ್ ಈ ಹೆಣ್ಣ್ ಏಣಿ ಹತ್ತುದಾ?"

"ರಿಪೇರಿಗೆ ಬಂದದ್ ಅವ್ಳ್," ಮಾವ ಏಣಿಯ ಎರಡೂ ಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದರು. "ನಾ ಏಣಿ ಹಿಡುಕ್ ಬಂದವ."

ಮಳೆಗಾಲ ಹಿಡಿಯುವ ಹೊತ್ತಿಗೆ ಆಸ್ಪತ್ರೆ ಸೇರಿದರು. ನಾನು ಹೋದಾಗ ಕೇಳಿದ್ದು ಒಂದೇ ಮಾತು. "ಬೈಂದೂರಿನ್ ಚಿತ್ರ ಸಮ ಬತ್ತಾ?"

"ಬತ್ತ್ ಮಾವ."

"ಮಳೆ ಬಿಟ್ ಮೇಲೆ ಒಂದ್ಸಲ ಹೋಯಿ ಕಾಣ್."

ಆಷಾಢದ ಮಳೆಯಲ್ಲಿ ಅವರು ಹೋದರು. ಮಳೆ ಬಿಟ್ಟ ಮೇಲೆ ನಾನು ರಿಕ್ಷಾದ ಮೇಲೆ ಏಣಿ ಕಟ್ಟಿಸಿಕೊಂಡು ಬೈಂದೂರಿಗೆ ಹೋದೆ. ಗಿರಣಿಯ ಯಜಮಾನರು ಅಂಗಳಕ್ಕೆ ಬಂದು ರಿಕ್ಷಾದ ಒಳಗೆ ಬಗ್ಗಿ ನೋಡಿದರು.

"ಏಣಿ ಹಿಡುವವ್ರ್ ಬರ್ಲಿಲ್ಯಾ?"

"ಮಾವ ಹೋದ್ರ್," ಎಂದೆ.

ನಾನು ಏಣಿಯನ್ನು ಗೋಡೆಗೆ ಒರಗಿಸಿದೆ. ಅಷ್ಟರಲ್ಲಿ ಅವರು ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಬಿಗಿದುಕೊಂಡು ಬಂದು, ಬಗ್ಗಿ, ಏಣಿಯ ಎರಡೂ ಕಾಲುಗಳನ್ನು ಹಿಡಿದರು.

"ಹತ್ತ್ ಮಗಾ," ಎಂದರು.