ಪಚಾಮಿ, ಪೆಕು ಮತ್ತು ವಿಜಯರಾಜ ಇಂದ್ರರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸಂಸ್ಕೃತ ಕಲಿತವರಿಗೆ ಪಂಡಿತ ವಿಜಯರಾಜ ಇಂದ್ರರ ಪರಿಚಯ ಬೇಕಾಗಿಲ್ಲ. ಆದರೆ ಮಾತಿನ ಹುಟ್ಟನ್ನು ಅರಸುತ್ತ ರಷ್ಯನ್ ಭಾಷೆಯವರೆಗೆ ಹೋದವರು ನಮ್ಮ ಸೀಮೆಯಲ್ಲಿ ಅವರೊಬ್ಬರೇ ಎಂಬುದನ್ನು ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತ.

೧೯೫೦ರಲ್ಲಿ ಬಂಟ್ವಾಳದ ಶಾಲೆಗೆ ಸಂಸ್ಕೃತ ಅಧ್ಯಾಪಕರಾಗಿ ಸೇರಿದ ಅವರು ಮುಂದೆ ಮೂಡುಬಿದಿರೆಗೆ ವರ್ಗವಾಗಿ ಬಂದರು. ಮಂಗಳೂರಿನಲ್ಲಿ ಅಗ್ಗಕ್ಕೆ ಸಿಕ್ಕ ಪಾಠಪುಸ್ತಕವೊಂದರಿಂದ ರಷ್ಯನ್ ಕಲಿಯುತ್ತಿದ್ದಾಗ, ಅಲ್ಲಿ 'ಪೆಕು' ಎಂದರೆ 'ಬೇಯಿಸುತ್ತೇನೆ' ಎಂದಿರುವುದನ್ನು ಕಂಡು ಹಿಗ್ಗಿದರು. ಅದೇ ಅರ್ಥದ ನಮ್ಮ ಸಂಸ್ಕೃತದ 'ಪಚಾಮಿ'ಯೇ ಹಿಮದ ನಾಡಿಗೆ ಹೋಗಿ 'ಪೆಕು' ಆಯಿತೆಂದು ೧೯೫೮ರಲ್ಲಿ ಬೆಳ್ತಂಗಡಿಯ ಸಾಹಿತ್ಯಕೂಟವೊಂದರಲ್ಲಿ ಉಪನ್ಯಾಸ ಮಾಡಿ, ಭಾರೀ ಚಪ್ಪಾಳೆ ಗಿಟ್ಟಿಸಿದರು.

ಕೆಲವು ವರ್ಷ ಕಳೆದು ಕೂಟವು ಆ ಶೋಧಕ್ಕಾಗಿ ಅವರಿಗೆ ಬಿರುದು ಕೊಡಲು ನಿಶ್ಚಯಿಸಿತು. ಅಷ್ಟರಲ್ಲಿ ಅವರು ತೌಲನಿಕ ವ್ಯಾಕರಣ ಓದಿದ್ದರು. ರಷ್ಯನ್ ಸೇರಿದ ಸ್ಲಾವಿಕ್ ಭಾಷೆಗಳ ಮೂಲದಲ್ಲಿ 'ಪೆಕ್ತಿ' ಎಂಬ ಕ್ರಿಯಾರೂಪವಿತ್ತು. ಅದು ಬರಹದಲ್ಲೆಲ್ಲೂ ಸಿಗದು, ವಿದ್ವಾಂಸರು ಹೋಲಿಕೆಯಿಂದ ಕಟ್ಟಿಕೊಂಡದ್ದು. ಅದರ ಎಕಾರವು ಸಂಸ್ಕೃತದ ಅಕಾರಕ್ಕಿಂತ ಹಳೆಯದು. ಅಂದಮೇಲೆ ಸಂಸ್ಕೃತವೂ ರಷ್ಯನ್ನೂ ತಾಯಿ ಮಗಳಲ್ಲ, ಕಳೆದುಹೋದ ಒಬ್ಬಳೇ ತಾಯಿಯ ಮಕ್ಕಳು.

ಪಂಡಿತರಿಗೆ ಊಟ ಸೇರದಾಯಿತು. ಪತ್ನಿ ಕಮಲಾವತಿಯವರು ಕಾರಣ ಕೇಳಿ, "ತಪ್ಪೂಂತ ಗೊತ್ತಾದ ಮೇಲೆ ಆ ಶಾಲು ಹೊದ್ದುಕೊಳ್ಳಲಿಕ್ಕೆ ನಿಮಗೆ ಮನಸ್ಸುಂಟಾ? ಹೋಗಿ ಹೇಳಿ ಬನ್ನಿ" ಎಂದರು.

ಸನ್ಮಾನದ ದಿನ ಅವರು ವೇದಿಕೆಯೇರಿ ಅದನ್ನೇ ಹೇಳಿದರು. ಕಾರ್ಯದರ್ಶಿ ನಿತ್ಯಾನಂದರು ಬಳಿಗೆ ಬಂದು, "ಪಂಡಿತರೇ, ಇದನ್ನು ಇವತ್ತೇ ಹೇಳ್ಬೇಕಿತ್ತಾ? ಜನ ಖುಷಿಯಲ್ಲಿದ್ದಾರೆ" ಎಂದು ಪಿಸುಗುಟ್ಟಿದರು.

"ಖುಷಿಯಲ್ಲಿರುವಾಗ ಹೇಳಿದ್ರೆ ಬೇಗ ಕ್ಷಮಿಸ್ತಾರೆ ಮಾರಾಯ್ರೆ."

ಜನ ಕ್ಷಮಿಸಲಿಲ್ಲ. ಸಂಸ್ಕೃತವನ್ನು ಹೀಗಳೆದರೆಂಬ ಮಾತೆದ್ದಿತು. ಬಿರುದು ನಿಂತಿತು, ಬೆಳ್ತಂಗಡಿಯ ಆಮಂತ್ರಣಗಳೂ ನಿಂತವು. ಬಸ್ಸಿನಲ್ಲಿ ಪರಿಚಿತರು ಮುಖ ತಿರುಗಿಸಿದಾಗ ಅವರಿಗೆ ನೋವಾಗದೆ ಇರಲಿಲ್ಲ. ಆದರೆ ತರಗತಿಯಲ್ಲಿ ಶಿರ್ತಾಡಿಯ ಪದ್ಮಾಕ್ಷಿ ಎಂಬ ವಿದ್ಯಾರ್ಥಿನಿ, "ಹಾಗಾದ್ರೆ ನಮ್ಮ ತುಳು ಯಾರ ಮಗಳು ಸರ್?" ಎಂದು ಕೇಳಿದಾಗ ಅವರ ಮುಖ ಅರಳಿತು.

"ಹುಡುಕುವ. ಬೇಯಿಸುವುದಕ್ಕೆ ನಿನ್ನ ಅಜ್ಜಿಗೆ ಎಷ್ಟು ಮಾತು ಗೊತ್ತುಂಟು, ಕೇಳಿಕೊಂಡು ಬಾ."

ಮುಂದೆ ಆಕೆಯ ತಂದೆ ಡೊಂಬಯ್ಯನವರು ಮಗಳನ್ನು ಶಾಲೆ ಬಿಡಿಸಹೊರಟಾಗ, ಪಂಡಿತರು ತಾವೇ ಶಿರ್ತಾಡಿಗೆ ಹೋಗಿ ಅವರ ಮನವೊಲಿಸಿದರು. ಪದ್ಮಾಕ್ಷಿಯವರು ಇಂದು ಭಾಷಾಶಾಸ್ತ್ರದ ಎಂ.ಎ. ಪದವೀಧರೆ.

ಇಂದ್ರರು ಈಗ ಊರೂರಿಗೆ ಹೋಗಿ ತುಳುವಿನ ಅಡುಗೆಮನೆಯ ಕ್ರಿಯಾಪದಗಳನ್ನು ಸಂಗ್ರಹಿಸುತ್ತಿದ್ದಾರೆ. ಯಾವ ಮಾತಿನ ಮೂಲ ಕೇಳಿದರೂ "ನೋಡಿ ಹೇಳ್ತೇನೆ" ಎನ್ನುತ್ತಾರೆ. ನಿಧಾನವಾಗಿ ನೋಡಿ ಹೇಳಲು ಬೇಕಾದ ಆಯುರಾರೋಗ್ಯ ಅವರಿಗೂ ಕಮಲಾವತಿಯವರಿಗೂ ದೀರ್ಘಕಾಲ ಒದಗಲಿ, ಕಾಯಲು ನಾವಿದ್ದೇವೆ.