ಬಿಸಿನೀರಿನ ಕೊಳದ ಕೊನೆಭಾಗ

ನೀರಾವರಿ ಇಲಾಖೆಯಿಂದ ಅಸಿಸ್ಟೆಂಟ್ ಎಂಜಿನಿಯರ್ ಆಗಿ ನಿವೃತ್ತನಾದ ಮರುವರ್ಷದ ಚಳಿಗಾಲದಲ್ಲಿ ನಾನು ಆರು ವಾರ ಭೂತಾನಿನಲ್ಲಿದ್ದೆ. ಒಂದು ಸ್ವಯಂಸೇವಾ ತಂಡದವರು ಅಲ್ಲಿನ ಬೆಟ್ಟದೂರೊಂದರ ಕಾಲುವೆ ದುರಸ್ತಿಗೆ ಅನುಭವವಿದ್ದವರನ್ನು ಹುಡುಕುತ್ತಿದ್ದರು. ಮೂವತ್ತಮೂರು ವರ್ಷ ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರ, ಕೊನೆಗೆ ಶ್ರೀರಂಗಪಟ್ಟಣ ಎಂದು ನಾಲೆಯ ಏರಿ ಮೇಲೆಯೇ ಓಡಾಡಿದವನಿಗೆ ಮನೆಯಲ್ಲಿ ಪೇಪರ್ ಓದಿಕೊಂಡು ಕೂರುವುದು ಒಗ್ಗಿರಲಿಲ್ಲ. ಹೊರಟುಬಿಟ್ಟೆ.

ಜೊತೆಗೆ ಅಕ್ಕಿಹೆಬ್ಬಾಳಿನ ಪುಟ್ಟಸ್ವಾಮಿಯನ್ನೂ ಎಳೆದುಕೊಂಡು ಹೋದೆ. ಅವನು ನನ್ನ ಕೈಕೆಳಗೆ ಸೌಡಿಯಾಗಿದ್ದವನು. ಸೌಡಿ ಎಂದರೆ ನಾಲೆಯ ತೂಬು ಎತ್ತಿ ಇಳಿಸಿ, ಸರದಿ ಪ್ರಕಾರ ಗದ್ದೆಗಳಿಗೆ ನೀರು ಹಂಚುವವನು. ಎಂಜಿನಿಯರ್ ಕಾಗದದಲ್ಲಿ ಬಿಟ್ಟ ನೀರನ್ನು ನೆಲದ ಮೇಲೆ ಹರಿಸುವವನೇ ಅವನು. ವರ್ಷಗಟ್ಟಲೆ ನೀರಿನಲ್ಲಿ ನಿಂತು ಅವನ ಮಂಡಿಗಳು ಹಾಳಾಗಿದ್ದವು.

ಇಲ್ಲಿ ಇನ್ನೊಬ್ಬರ ವಿಷಯ ಹೇಳಬೇಕು. ಅರಕೆರೆ ಕಡೆಯ ಒಂದು ಕಿರುನಾಲೆಯ ಕೊನೆಯಲ್ಲಿ ನಿಂಗೇಗೌಡರ ಗದ್ದೆ. ಕೊನೆಭಾಗದ ರೈತರಿಗೆ ನೀರು ತಲುಪುವುದು ಯಾವಾಗಲೂ ತಡ. ಅವರು ಆಫೀಸಿಗೆ ಬಂದಾಗಲೆಲ್ಲ ನಾನು, “ಗೇಜ್ ಪ್ರಕಾರ ನೀರು ಬಿಟ್ಟಿದ್ದೀನಿ ಗೌಡರೇ” ಎನ್ನುತ್ತಿದ್ದೆ. ಗೇಜ್ ಎಂದರೆ ನೀರಿನ ಆಳ ತೋರಿಸಲು ನಾಲೆಯ ಮೇಲ್ಭಾಗದಲ್ಲಿ ಬಣ್ಣದಲ್ಲಿ ಬರೆದ ಗುರುತು. ಅವರದು ಒಂದೇ ಉತ್ತರ: “ಗೇಜ್ ಇರೋದು ಮೇಲ್ಗಡೆ ಸಾ. ಒಂದಿನ ಬಂದು ನಮ್ ಕೊನೇಲಿ ಕೂತ್ಕಂಡು ನೋಡಿ.” ನನಗೆ ಪುರುಸೊತ್ತಾಗಲೇ ಇಲ್ಲ.

ಭೂತಾನಿನಲ್ಲಿ ನಾಲ್ಕನೇ ವಾರ ನಮಗೊಂದು ರಜೆ ಸಿಕ್ಕಿತು. ಊರಿನ ಶಾಲೆಯ ಟೀಚರ್ ಪೇಮಾ, ನಮ್ಮ ಹಿಂದಿ ಅರ್ಥವಾಗುತ್ತಿದ್ದ ಪುಣ್ಯಾತ್ಗಿತ್ತಿ, ನಮ್ಮನ್ನು ಬಿಸಿನೀರಿನ ಬುಗ್ಗೆಗೆ ಕರೆದೊಯ್ದಳು. ಎರಡು ಗಂಟೆಯ ನಡಿಗೆ. ಬಂಡೆಯ ಸಂದಿನಿಂದ ಕುದಿಯುವಂಥ ನೀರು ಹೊರಟು ಮೊದಲು ಮೇಲಿನ ಕೊಳಕ್ಕೆ ಬೀಳುತ್ತಿತ್ತು, ಅದು ತುಂಬಿ ಕೆಳಗಿನ ಕೊಳಕ್ಕೆ. ಕೆಳಗಡೆ ವಯಸ್ಸಾದವರು ಟವಲು ಸುತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಮೇಲಿನ ಕೊಳದಲ್ಲಿ ಯಾರೂ ಇಲ್ಲ. ಒಳ್ಳೆಯದೇ ಆಯಿತು ಎಂದು ನಾವಿಬ್ಬರೂ ಅದಕ್ಕೇ ಇಳಿದೆವು. ಇಳಿದಷ್ಟೇ ವೇಗದಲ್ಲಿ ಮೇಲಕ್ಕೂ ಬಂದೆವು.

“ಸಾ, ಇದು ಜಳಕದ್ ನೀರಲ್ಲ, ಮುದ್ದೆಗೆ ಎಸರು” ಎಂದ ಪುಟ್ಟಸ್ವಾಮಿ, ಕೆಂಪಾದ ಕಾಲು ನೋಡಿಕೊಂಡು.

ಆಗ ನನ್ನ ಕಣ್ಣಿಗೆ ಪಕ್ಕದ ತಣ್ಣೀರ ತೊರೆ ಬಿತ್ತು. ಅದು ಕೊಳಕ್ಕೆ ನುಗ್ಗದಂತೆ ಒಂದು ಚಪ್ಪಡಿ ಅಡ್ಡ ಇಟ್ಟಿದ್ದರು. ತೂಬು ಕಂಡರೆ ಎತ್ತಬೇಕೆನ್ನಿಸುವುದು ನಮ್ಮ ಇಲಾಖೆಯವರ ಹಳೇ ಚಾಳಿ. ರಜೆಯ ದಿನವಾದರೂ ಕೈ ಸುಮ್ಮನಿರಲಿಲ್ಲ. ಚಪ್ಪಡಿ ಸರಿಸಲು ಪುಟ್ಟಸ್ವಾಮಿಗೆ ಹೇಳಿದೆ. ಅವನು ಒಂದು ಕ್ಷಣ ಅನುಮಾನಿಸಿದ, ಆಮೇಲೆ ಸಾಹೇಬರ ಆರ್ಡರ್ ಎಂದು ಸರಿಸಿದ. ಹತ್ತೇ ನಿಮಿಷದಲ್ಲಿ ಕೊಳ ಹಬ್ಬದ ಹಂಡೆ ನೀರಿನ ಹದಕ್ಕೆ ಬಂತು. ಕತ್ತಿನವರೆಗೆ ಮುಳುಗಿ, ಎದುರಿನ ಹಿಮದ ಬೆಟ್ಟ ನೋಡುತ್ತ, ಮೂವತ್ತಮೂರು ವರ್ಷದ ದಣಿವು ಇಳಿಯಿತೆಂದುಕೊಂಡೆ. ಅಷ್ಟು ಸುಖ ಪಟ್ಟಿದ್ದು ನೆನಪಿಲ್ಲ.

ಹನ್ನೊಂದೂವರೆಗೆ ಕೆಳಗಿನಿಂದ ಕೂಗಾಟ ಕೇಳಿಸಿತು. ಒಬ್ಬ ಅಜ್ಜಿ ಕೋಲೂರಿಕೊಂಡು, ನಡುಗುತ್ತ ಮೇಲೆ ಬಂದಳು. ಸರಿಸಿದ ಚಪ್ಪಡಿ ನೋಡಿದಳು, ನಮ್ಮನ್ನು ನೋಡಿದಳು. ಅವಳ ಹಿಂದೆಯೇ ಓಡಿಬಂದ ಪೇಮಾ ವಿಷಯ ತಿಳಿಸಿದಳು. ನಮ್ಮ ಹದವಾದ ನೀರು ಕೆಳಗಿಳಿಯುವ ಹೊತ್ತಿಗೆ ತಣ್ಣೀರಾಗಿತ್ತು. ಅಜ್ಜಿ ಮಂಡಿನೋವಿಗೆಂದು ಏಳು ದಿನ, ದಿನಕ್ಕೆ ಅರ್ಧ ಗಂಟೆ ಕೂರುವ ವ್ರತ ಹಿಡಿದಿದ್ದಳು. ಇವತ್ತು ಏಳನೆಯದು. ತಪ್ಪಿದರೆ ಮತ್ತೆ ಮೊದಲಿಂದ. ಒಂದು ಗಂಟೆಗೆ ಮಗ ಕುದುರೆ ತರುತ್ತಾನೆ, ಕತ್ತಲಾಗುವುದರೊಳಗೆ ಬೆಟ್ಟ ದಾಟಬೇಕು, ಕಾಯುವಂತಿಲ್ಲ.

“ಮೇಲೆ ಕೂತವನಿಗೆ ಸುಖವಾಗಲಿ ಅಂತಲಾ ನಾನು ಆರು ದಿನ ಕೂತಿದ್ದು?” ಅಜ್ಜಿಯ ಮಾತನ್ನು ಪೇಮಾ ತಲೆತಗ್ಗಿಸಿಕೊಂಡು ಹಿಂದಿಯಲ್ಲಿ ಹೇಳಿದಳು. ನಾಚಿಕೆಯಿಂದ ಕೊಳದಿಂದ ಎದ್ದು ಬಂದೆ.

ಚಪ್ಪಡಿ ವಾಪಸ್ ಇಟ್ಟೆವು. ಆದರೆ ಎರಡೂ ಕೊಳದಲ್ಲಿ ತುಂಬಿದ ನೀರು ತನ್ನಷ್ಟಕ್ಕೆ ಕಾಯುವುದು ಯಾವ ಕಾಲಕ್ಕೆ? ತಳದ ಬೆಣೆ ಕಿತ್ತು ಖಾಲಿ ಮಾಡಿ, ಬರೀ ಬಿಸಿನೀರು ತುಂಬಿಸುವುದೊಂದೇ ದಾರಿ. ಬುಗ್ಗೆಯ ಬಾಯಿಗೆ ಬಕೆಟ್ ಇಟ್ಟು ಗಡಿಯಾರ ನೋಡಿದೆ. ಹತ್ತು ಲೀಟರ್ ತುಂಬಲು ಹತ್ತು ಸೆಕೆಂಡ್. ಕೆಳಗಿನ ಕೊಳ ಮೂರು ಮೀಟರ್ ಉದ್ದ, ಎರಡೂವರೆ ಅಗಲ, ಅರವತ್ತು ಸೆಂಟಿಮೀಟರ್ ಆಳ. ನಾಲ್ಕೂವರೆ ಸಾವಿರ ಲೀಟರಿಗೆ ಎಪ್ಪತ್ತೈದು ನಿಮಿಷ. ಖಾಲಿಯಾಗಲು ಮುಕ್ಕಾಲು ಗಂಟೆ. ಅಂದರೆ ಒಂದೂವರೆ.

“ಆಗಲ್ಲ ಪುಟ್ಟಸ್ವಾಮಿ” ಎಂದೆ.

ಅವನು ಕೊಳವನ್ನೇ ನೋಡುತ್ತ ನಿಂತಿದ್ದ. “ಸಾ, ಇಡೀ ಕೊಳ ಯಾಕ್ ತುಂಬುಸ್ಬೇಕು? ಅವ್ವ ಕೂತ್ಕಳೋದು ಒಂದ್ ಮೂಲೇಲಿ. ಅಡ್ಡಕ್ಕೊಂದು ಒಡ್ಡು ಆಕ್ಬುಡನ. ಕಾಲ್ಭಾಗ ತುಂಬುದ್ರೆ ಸಾಕಲ್ವಾ?”

ಲೆಕ್ಕ ಕಲಿತ ನನಗೆ ಹೊಳೆಯದ್ದು ಸೌಡಿಗೆ ಹೊಳೆದಿತ್ತು. ನೀರು ಬೀಳುವ ಮೂಲೆಯೂ ಅದೇ. ಎರಡೂ ಕೊಳದ ಬೆಣೆ ಕಿತ್ತೆವು. ಮೇಲಿನದನ್ನು ತೆರೆದೇ ಬಿಟ್ಟರೆ ಬಿಸಿನೀರು ಅಲ್ಲಿ ನಿಲ್ಲದೆ ನೇರ ಕೆಳಗಿನ ಮೂಲೆಗೆ ಹರಿಯುತ್ತದೆ. ಪುಟ್ಟಸ್ವಾಮಿ ಚಡ್ಡಿಯಲ್ಲೇ ಇಳಿದು ಅಚ್ಚ ಕನ್ನಡದಲ್ಲಿ ಕೂಗತೊಡಗಿದ: “ಕಲ್ಲ್ ತತ್ತಾ ಕಣಪ್ಪಾ, ಚಪ್ಪಟ್ಟೆದು. ಅಂಗಲ್ಲ, ಇಂಗೆ ಮಡುಗು. ಯೆಂಟೆ ತನ್ರವ್ವಾ, ಹುಲ್ಲ್ ಇರೋದು.” ಒಂದಕ್ಷರ ಅರ್ಥವಾಗದಿದ್ದರೂ ಟವಲು ಸುತ್ತಿಕೊಂಡಿದ್ದ ಹತ್ತು ಜನ ಕಲ್ಲು ತಂದರು, ಬೇರು ಸಹಿತ ಹುಲ್ಲಿನ ಹೆಂಟೆ ಕಿತ್ತು ಕೊಟ್ಟರು. ಅವನು ಸಂದಿಗೆಲ್ಲ ಮಣ್ಣು ಮೆತ್ತಿ ಕಾಲಿನಿಂದ ತುಳಿದ. ಯಾರೋ ಹಾಡು ಹೇಳತೊಡಗಿದರು. ನಮ್ಮ ಗದ್ದೆಯಲ್ಲಿ ಬದು ಕಟ್ಟುವ ಬೆಳಗ್ಗೆಯೇ ಅದು, ಚಳಿ ಮಾತ್ರ ಬೇರೆ.

ಹನ್ನೆರಡೂ ಕಾಲಿಗೆ ಕೊಳ ಖಾಲಿಯಾಯಿತು. ಅವನು ಕೆಳಗಿನ ಕೊಳದ ಮೂಲೆಯ ಬೆಣೆ ಜಡಿದ. ಹನ್ನೆರಡೂ ಮೂವತ್ತೈದಕ್ಕೆ ಹಬೆಯಾಡುವ ನೀರು ಒಡ್ಡಿನ ಅಂಚಿಗೆ ಬಂತು. ತಣ್ಣನೆಯ ಕಲ್ಲಿಗೆ ತಾಗಿ ಅದರ ಕುದಿ ಇಳಿದಿತ್ತು. ಅವನು ಮೊಣಕೈ ಅದ್ದಿ ನೋಡಿ, “ಬಾರವ್ವ” ಎಂದ.

ಅಜ್ಜಿ ಇಳಿದು ಕೂತಳು. ಅವಳ ಮುಖ ನಿಧಾನವಾಗಿ ಸಡಿಲವಾಗುವುದನ್ನು ನೋಡಿ ನನ್ನ ಎದೆಯ ಭಾರವೂ ಇಳಿಯಿತು. ಪುಟ್ಟಸ್ವಾಮಿಯ ಊದಿದ ಮಂಡಿ ಅವಳ ಕಣ್ಣಿಗೆ ಬಿತ್ತು. ಪಕ್ಕದಲ್ಲೇ ಕೂರುವಂತೆ ಸನ್ನೆ ಮಾಡಿದಳು. ಆಮೇಲೆ ಕೋಲು ನನ್ನ ಕಡೆ ತಿರುಗಿತು. ಒಡ್ಡಿನ ಆಚೆ, ತಳದಲ್ಲಿ ಉಳಿದಿದ್ದ ಪಾದ ಮುಳುಗುವಷ್ಟು ತಣ್ಣೀರನ್ನು ತೋರಿಸಿದಳು.

“ತಣ್ಣೀರು ಬೇಕೆಂದವರು ಅಲ್ಲಿ ಕೂರಬೇಕಂತೆ” ಎಂದಳು ಪೇಮಾ, ನಗು ತಡೆಯಲಾಗದೆ.

ಕೂತೆ. ಬೆಟ್ಟದ ಗಾಳಿ ಬೆನ್ನಿಗೆ ಬಡಿಯಿತು, ಹಲ್ಲು ಕಟಕಟ ಎಂದವು. ಒಡ್ಡಿನ ಮೇಲಿಂದ ಹಬೆಯ ನಡುವೆ ಪುಟ್ಟಸ್ವಾಮಿ ಇಣುಕಿದ. “ಗೇಜ್ ಪ್ರಕಾರ ನೀರ್ ಬುಟ್ಟಿವ್ನಿ ಸಾ” ಎಂದ.

ಹೊಟ್ಟೆ ಹಿಡಿದುಕೊಂಡು ನಕ್ಕೆ. ಏಕೆಂದು ಗೊತ್ತಿಲ್ಲದೆ ಕೊಳದವರೆಲ್ಲ ನಕ್ಕರು. ಹೇಳಿದ ಹೊತ್ತಿಗೇ ಬಂದ ಮಗನನ್ನು ಅಜ್ಜಿ ಐದು ನಿಮಿಷ ನಿಲ್ಲಿಸಿ ಅರ್ಧ ಗಂಟೆ ಪೂರೈಸಿಕೊಂಡಳು. ಕುದುರೆ ಹತ್ತುವ ಮುಂಚೆ ನನ್ನ ತಲೆ ಸವರಿ, ಬಿಸಿನೀರಿನ ಮೂಲೆಗೆ ಹೋಗೆಂದು ಕಳಿಸಿದಳು.

ತೂಬು ಮುಟ್ಟುವ ಮುಂಚೆ ಕೆಳಗೆ ಯಾರಿದ್ದಾರೆಂದು ಹೋಗಿ ನೋಡಬೇಕು. ನನ್ನ ಕೆಲಸ ಮೂವತ್ತಮೂರು ವರ್ಷ ಇದನ್ನೇ ಹೇಳುತ್ತಿತ್ತು, ನನಗೆ ಕೇಳಿಸಿದ್ದು ರಜೆಯ ದಿನ.

ಊರಿಗೆ ಬಂದ ವಾರಕ್ಕೇ ಅರಕೆರೆಗೆ ಬಸ್ಸು ಹತ್ತಿ ನಿಂಗೇಗೌಡರ ಗದ್ದೆಗೆ ಹೋದೆ. ಅಂದು ಅವರ ನೀರಿನ ಸರದಿ. ನನ್ನನ್ನು ನೋಡಿ ಅವರು ಬದುವಿನ ಮೇಲೆ ಟವಲು ಹಾಸಿದರು.

“ರಿಟೈರಾದ್ ಮ್ಯಾಕ್ ಬಂದ್ರಾ ಸಾ? ಕೂತ್ಕಳಿ, ನೀರ್ ಬರೋಗಂಟ.”

ಬೆಳಗ್ಗೆ ಒಂಬತ್ತಕ್ಕೆ ಕೂತೆ. ನೀರು ಬಂದಾಗ ಸಂಜೆ ನಾಲ್ಕೂವರೆ.