ಮರದ ಎಮ್ಮೆ ಕಾಯ್ದ ಷಡಕ್ಷರಿ

ಬಾಗೂರಿನ ಷಡಕ್ಷರಿಗೆ ದೇವರ ಮೇಲೆ ಭಕ್ತಿಯಿಲ್ಲ ಎನ್ನುವವರು ಶುದ್ಧ ತಲೆಹರಟೆಗಳು. ತೆಂಗಿನಕಾಯಿ ವ್ಯಾಪಾರ ಮುಗಿಸಿ ಬಂದರೆ ಲಿಂಗಪೂಜೆಯಾಗದೆ ತುತ್ತು ಇಳಿಸದ ಮನುಷ್ಯ ಅವರು. ಜಗಳವಿದ್ದದ್ದು ಒಂದು ಎಮ್ಮೆಯ ವಿಷಯದಲ್ಲಿ ಮಾತ್ರ.

ತೊಂಬತ್ತಮೂರರಲ್ಲಿ ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ಗಾಳಿಗೆ ಬೇವಿನ ಮರ ಬಿತ್ತು. ಆಗ ಊರಲ್ಲಿ ನಡೆಯುತ್ತಿದ್ದ ಶಿಲ್ಪಕಲಾ ಶಿಬಿರಕ್ಕೆ ಬಂದಿದ್ದವರು ಅದರ ಬೊಡ್ಡೆಯಲ್ಲಿ, ಕತ್ತು ಹೊರಳಿಸಿ ಮಲಗಿದ ಎಮ್ಮೆಯೊಂದನ್ನು ಕೆತ್ತಿ ಹೋದರು. ಊರಿನ ಮಕ್ಕಳೆಲ್ಲ ಅದರ ಬೆನ್ನೇರಿದರು. ಮಕ್ಕಳಿಲ್ಲದ ಷಡಕ್ಷರಿ ಸಂಜೆ ಸಂಜೆ ಹೋಗಿ, ಹತ್ತಲಾಗದ ಚಿಕ್ಕವರನ್ನು ಎತ್ತಿ ಕೂರಿಸುತ್ತಿದ್ದರು. ಅಷ್ಟು ಖುಷಿ ಅವರಿಗೆ ಬೇರೆ ಯಾವುದರಲ್ಲೂ ಇರಲಿಲ್ಲ.

ಮಳೆ ಬಿಸಿಲಿಗೆ ಮರ ಸುಮ್ಮನಿರುತ್ತದೆಯೇ? ಬಣ್ಣ ಬೂದಿಯಾಯಿತು. ಹರಡಿದ್ದ ಕೊಂಬುಗಳು ಲಡ್ಡಾಗಿ ಉದುರಿ ಮೋಟಾದವು. ಹಣೆಯ ಮೇಲೆ ಅಡ್ಡಕ್ಕೆ ಮೂರು ಬಿರುಕು ಬಿಟ್ಟವು. ಅದನ್ನು ಮೊದಲು ಕಂಡದ್ದು ಷಡಕ್ಷರಿಯ ಹೆಂಡತಿ ಗುರುಸಿದ್ದಮ್ಮನೇ.

“ವಿಭೂತಿ ಕಣ್ರೀ! ಬಸವಣ್ಣ ತಾನಾಗೇ ಮೂಡವ್ನೆ!”

“ಎಮ್ಮೆ ಕಣೆ ಅದು. ಕೆತ್ತೋವಾಗ ನಾನೇ ನಿಂತು ನೋಡಿವ್ನಿ.”

ಕೇಳುವವರಾರು? ಹೂವು ಬಿತ್ತು, ಕರ್ಪೂರ ಉರಿಯಿತು, ಮಕ್ಕಳಿಗೆ ಗದರಿಕೆ ಶುರುವಾಯಿತು. ಊರಿನ ಹಿರಿಯರು ಸುತ್ತ ಕಬ್ಬಿಣದ ಗ್ರಿಲ್ ಹಾಕಿಸಲು ಹೊರಟರು. ಷಡಕ್ಷರಿ ಹಠ ಹಿಡಿದು, ದಿನಾ ಬೆಳಗ್ಗೆ ಹೂವು ತೆಗೆದಿಟ್ಟು ಎಮ್ಮೆಯ ಮೇಲೆ ಪೇಪರ್ ಓದುತ್ತಾ ಕೂತುಬಿಡುತ್ತಿದ್ದರು. ಕೂತ ಮನುಷ್ಯನ ಸಮೇತ ಗ್ರಿಲ್ ಹಾಕಲು ಯಾರಿಗೆ ಧೈರ್ಯ? ಮನೆಯಲ್ಲಿ ಗುರುಸಿದ್ದಮ್ಮ ಮುದ್ದೆ ಬಡಿಸುತ್ತಿದ್ದರು, ಮಾತು ಮಾತ್ರ ಬಿಟ್ಟರು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಷಡಕ್ಷರಿ ಏರಿಯ ಮೇಲೆ ಜಾರಿ ಕಾಲು ಮುರಿದುಕೊಂಡರು. ಮಂಚ ಹಿಡಿದಿದ್ದಾಗಲೇ ಗ್ರಿಲ್ಲಿನವರು ಬಂದ ಸುದ್ದಿ ಬಂತು. “ಓಯ್ತು ಕಣೆ” ಎಂದು ಗೋಡೆಗೆ ಮುಖ ಮಾಡಿದ ಗಂಡನನ್ನು ಗುರುಸಿದ್ದಮ್ಮ ನೋಡಿದರು. ಹೂವಿನ ತಟ್ಟೆ ಹಿಡಿದು ಹೊರಟರು.

ಬಯಲಲ್ಲಿ ಎಮ್ಮೆಯ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಮಕ್ಕಳು ಪಿಳಿಪಿಳಿ ನೋಡುತ್ತಾ ನಿಂತಿದ್ದವು. ಗುರುಸಿದ್ದಮ್ಮ ಹಣೆಗೆ ಹೂವಿಟ್ಟು ಕೈಮುಗಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೆನ್ನ ಮೇಲೆ ಕೂತೇಬಿಟ್ಟರು.

“ಇಳೀರಮ್ಮ, ದೇವ್ರು ಅದು!” ಎಂದ ಗ್ರಿಲ್ಲಿನವನು.

“ಮಕ್ಕಳ್ನ ಬೆನ್ ಮ್ಯಾಲೆ ಒರಾಕಿಲ್ಲ ಅಂತ ಬಸವಣ್ಣ ನಿಂಗೇಳಿದ್ನಾ? ಬನ್ರೋ ಮಕ್ಳಾ!”

ಮಕ್ಕಳು ಹಗ್ಗ ನುಸುಳಿ ಬಂದವು. ಗ್ರಿಲ್ಲಿನವರು ಗಾಡಿ ತಿರುಗಿಸಿದರು.

ಗುರುಸಿದ್ದಮ್ಮ ಮನೆಗೆ ಬಂದು ಗಂಡನ ಮಂಚದ ತುದಿಗೆ ಕೂತು ಸೊಂಟ ನೀವಿಕೊಂಡರು.

“ಏನ್ರೀ ನಿಮ್ಮೆಮ್ಮೆ ಬೆನ್ನು, ಬರೀ ಬಿರುಕು! ಇಷ್ಟು ದಿನ ಎಂಗ್ರೀ ಕೂತಿದ್ರಿ? ನಾಳೆ ನಾನು ದಿಂಬು ತಗೊಂಡೋಗ್ತೀನಿ.”

ಎಷ್ಟೋ ತಿಂಗಳಿಗೆ ಹೆಂಡತಿ ಆಡಿದ ಮೊದಲ ಮಾತು ಅದು. ಷಡಕ್ಷರಿ ಕಾಲಿನ ನೋವು ಮರೆತು ನಕ್ಕರು.